ಸೀಸ ಕುಡಿಯುವ ಮರ

೧೯೮೪ರ ಬೇಸಿಗೆ. ಉಪ್ಪಿನಂಗಡಿಯಲ್ಲಿ ಕಡಬದ ಬಸ್ಸಿಗೆ ಕಾಯುತ್ತಿದ್ದ ವಾರಿಜಾಕ್ಷಿ ಟೀಚರ ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದರು. ಗಂಡ ಗಲ್ಫಿನಿಂದ ಬಂದವನು. ಮಾತು ಬ್ಯಾರಿ ಭಾಷೆಯಲ್ಲಿ. ಟೀಚರಿಗೆ ಅದು ಚೆನ್ನಾಗಿ ತಿಳಿಯುತ್ತಿತ್ತು. ಕೇಳಬಾರದೆಂದುಕೊಂಡರೂ ಕಿವಿ ಅತ್ತಲೇ ಹೋಯಿತು.

“ಆ ಮರಳುಗಾಡಲ್ಲಿ ಎಂತ ತೋಟದ ಕೆಲಸ ಮಾರಾಯ್ರೆ?” ಹೆಂಡತಿ ಕೇಳಿದಳು.

“ಹಳೇ ಬ್ಯಾಟರಿ ಕರಗಿಸುವ ಫ್ಯಾಕ್ಟರಿ ಉಂಟು. ಸುತ್ತಲಿನ ಮಣ್ಣಲ್ಲೆಲ್ಲ ಸೀಸ. ಅಲ್ಲಿ ಬನ್ನಿ ಜಾತಿಯ ಮರ ನೆಟ್ಟಿದ್ದಾರೆ. ನೀರು ಹಾಕುದು ನಾನು.”

“ಆ ವಿಷಕ್ಕೆ ಮರ ಸಾಯುದಿಲ್ವಾ?”

“ಇಲ್ಲ. ಸೀಸವನ್ನು ಹೀರಿ ಹೆಚ್ಚಿನದ್ದನ್ನು ಬೇರಲ್ಲೇ ಹಿಡಿದಿಡ್ತದೆ. ಎಲೆಗೆ ಹೋಗುದು ಸ್ವಲ್ಪವೇ. ಆದ್ರೂ ಆಡಿಗೆ ಸೊಪ್ಪು ಹಾಕ್ಲಿಕ್ಕಿಲ್ಲ.”

“ಆಡಿನದ್ದು ಇರ್ಲಿ. ನಿಮ್ಮ ಕೈ ಯಾಕೆ ನಡುಗುದು? ನಿನ್ನೆ ಚಾಯ ಚೆಲ್ಲಿದ್ದು ನಾನು ನೋಡಿದ್ದೇನೆ.”



“ರಕ್ತದಲ್ಲಿ ಸೀಸ ಉಂಟಂತೆ. ನೀನು ಹೆದರ್ತಿ ಅಂತ ಕಾಗದದಲ್ಲಿ ಬರೀಲಿಲ್ಲ.”

“ಮರ ಬೇರಲ್ಲಿ ಹಿಡಿದಿಡ್ತದೆ. ಮನುಷ್ಯ ಎಲ್ಲಿ ಹಿಡಿದಿಡುದು? ಆ ಕೆಲಸಕ್ಕೆ ಇನ್ನು ಹೋಗುದು ಬೇಡ.”

“ಹೋಗುದಿಲ್ಲ ನೆಬೀಸ. ನಾನು ರಜೆಗೆ ಬಂದದ್ದಲ್ಲ, ಬಿಟ್ಟೇ ಬಂದದ್ದು. ಹೇಗೆ ಹೇಳುದು ಅಂತ ನಾಲ್ಕು ದಿನದಿಂದ ನೋಡ್ತಾ ಇದ್ದೆ.”

ಟೀಚರು ಮೆಲ್ಲನೆ ತಿರುಗಿ ನೋಡಿದರು.

“ಅಲ್ಲಾಹ್! ಇದನ್ನು ಹೇಳ್ಲಿಕ್ಕೆ ನಾಲ್ಕು ದಿನ ಬೇಕಾ ನಿಮಗೆ? ಏಳಿ.”

“ನೆಲ್ಯಾಡಿ ಬಸ್ಸು ಇನ್ನೂ ಬರ್ಲಿಲ್ಲ.”

“ಅಕ್ಕನ ಮನೆಗೆ ನಾಳೆ ಹೋಗುವ. ಪುತ್ತೂರು ಬಸ್ಸು ನಿಂತಿದೆ. ಮೊದಲು ಡಾಕ್ಟ್ರನ್ನು ಕಾಣುವ.”

ನೆಬೀಸ ಅವನ ಚೀಲವನ್ನು ಹೆಗಲಿಗೇರಿಸಿ, ಅವನ ಕೈಯನ್ನು ತನ್ನ ಕೈಯೊಳಗೆ ಗಟ್ಟಿಯಾಗಿ ಹಿಡಿದು, ಅಷ್ಟು ಜನರ ನಡುವೆ ರಸ್ತೆ ದಾಟಿಸಿಕೊಂಡು ಹೋದಳು.