ಒಂಬತ್ತಕ್ಷರದ ಬಿರುದು

ಹತ್ತಿರ ಬನ್ನಿ, ಕಾಲು ಚಾಚಿದವರು ಮಡಚಿಕೊಳ್ಳಿ, ಹೂಂಗುಟ್ಟೋರು ಮುಂದೆ ಕೂತ್ಕೊಳ್ಳಿ. ಏಳು ಹೊಳೆ ಆಚೆ, ಎಂಟು ಗುಡ್ಡದ ಈಚೆ ಒಂದು ರಾಜ್ಯ ಇತ್ತು. ಹೆಸರು ಹೇಳಲ್ಲ. ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ.

ಅಲ್ಲೊಂದು ಪದ್ಧತಿ. ರಾಜ ಕೇಳಿದ್ದಕ್ಕೆ 'ಗೊತ್ತಿಲ್ಲ' ಅಂದವನು ತಲೆಮೇಲಿನ ಪೇಟ ಬಿಚ್ಚಿ ಅರಮನೆಗೆ ಒಪ್ಪಿಸಬೇಕು. ಪೇಟ ಹೋದರೆ ಮಾನ ಹೋಯ್ತು. ಮಾನ ಹೋದಮೇಲೆ ಇನ್ನೇನಿದೆ? ಅದಕ್ಕೇ ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಆಸ್ಥಾನದ ಚಾಳಿ ಬೀದಿಗೂ ಬಂತು. ದಾರಿ ಕೇಳಿದರೂ ಗೊತ್ತು, ಮದ್ದು ಕೇಳಿದರೂ ಗೊತ್ತು. ದಾರಿ ತಪ್ಪಿದೋರೆಷ್ಟೋ, ಮದ್ದು ಕುಡಿದು ಸತ್ತೋರೆಷ್ಟೋ. ಪೇಟ ಮಾತ್ರ ಒಂದೂ ಬೀಳಲಿಲ್ಲ.

ರಾಜನಿಗೆ ಗುಡ್ಡದ ತುದೀಲಿ ಕೆರೆ ಕಟ್ಟಿಸೋ ಮನಸ್ಸಾಯ್ತು. ನೀರು ಗುಡ್ಡ ಹತ್ತುತ್ತಾ ಅಂತ ಮೂವರು ಪಂಡಿತರನ್ನ ಕೇಳಿದ. ಹತ್ತುತ್ತೆ ಅಂದ ಹಿರಿಯ. ಓಡಿ ಹತ್ತುತ್ತೆ ಅಂದ ನಡುವಿನವನು. ನಾನೇ ಕಣ್ಣಾರೆ ಕಂಡಿದ್ದೀನಿ ಅಂದ ಕಿರಿಯ.

ಕೆರೆ ಆಯ್ತು. ನೀರು ಹತ್ತಲಿಲ್ಲ. ಹತ್ತಲಿಲ್ಲ ಅಂತ ಹೇಳೋರು ಯಾರು? ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ರಾಜನೇ ಒಂದು ಕಟ್ಟಳೆ ಮಾಡಿದ. ಮನೇಲಿ ಎಷ್ಟು ಪೇಟ ಇದೆಯೋ, ಪೇಟಕ್ಕೆ ಮೂರರಂತೆ ದಿನಾ ಕೊಡ ಹೊತ್ತು ಆ ಕೆರೆ ತುಂಬಿಸಬೇಕು. ಪೇಟದ ಮೇಲೆ ಕೊಡ ಕೂರುತ್ತಾ? ಕೂರಲ್ಲ. ಹಾಗಾಗಿ ಪೇಟ ಗಂಡಸರದ್ದಾಯ್ತು, ಕೊಡ ಹೆಂಗಸರದ್ದಾಯ್ತು.

ಈಗ ವಾಮನಯ್ಯನ ಮಾತಿಗೆ ಬನ್ನಿ. ಆಸ್ಥಾನದ ದುಭಾಷಿ ಅವನು, ಪರದೇಶದವರ ಮಾತು ಬಲ್ಲವನು. ಹೆಂಡತಿ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಶೇಷಮ್ಮನ ತಲೆಗೇ ಮೂರು ಕೊಡ ಬಿತ್ತು. ಅವಳಿಗೆ ಏಳನೇ ತಿಂಗಳು. ಅವಳು ಏದುಸಿರು ಬಿಡ್ತಾ ಗುಡ್ಡ ಹತ್ತೋದನ್ನ ಅಪ್ಪ ಪೇಟ ಸುತ್ತಿಕೊಂಡು ಜಗಲಿ ಮೇಲೆ ಕೂತು ನೋಡ್ತಿದ್ದ. ಕರುಳು ಕಿತ್ತು ಬರ್ತಿತ್ತು. ಪೇಟ ತೆಗೆಯೋಕೆ ಮಾತ್ರ ಕೈ ಬರ್ತಿರಲಿಲ್ಲ.

ಒಂದಿನ ಇಂಗ್ಲಿಷ್ ಆಡೋ ಬಿಳಿಯನೊಬ್ಬ ಕುದುರೆ ಮೇಲೆ ಬಂದ. ಗುಡ್ಡದ ಮೇಲಿನ ಕೆರೆ ನೋಡಿದ, ಸಾಲಾಗಿ ಹತ್ತೋ ಹೆಂಗಸರನ್ನ ನೋಡಿದ. ನಮ್ಮ ಕೆರೆ ಬಗ್ಗೆ ಎರಡು ಮಾತು ಬರೆದುಕೊಡಿ ಅಂತ ರಾಜ ಕೇಳಿದ. ಎರಡು ಮಾತು ಯಾಕೆ, ಅವನು ಒಂದೇ ಪದ ಬರೆದು ಕುದುರೆ ಹತ್ತಿದ.

ಪದ ಯಾವುದು ಅಂತೀರಾ? ಸ್ಟುಪಿಡಿಟಿ. ಅಂದರೆ ಹೆಡ್ಡತನ. ಬೆರಕೆ ಇಲ್ಲದ ಅಪ್ಪಟ ಹೆಡ್ಡತನ.

ಚೀಟಿ ಮೊದಲು ಪಂಡಿತರ ಕೈಗೆ ಹೋಯ್ತು. ಅವರಿಗೆ ಆ ಲಿಪಿ ತಲೆಕೆಳಗೋ ನೆಟ್ಟಗೋ ಅನ್ನೋದೂ ತಿಳೀದು. ಬೆರಳು ಮಡಚಿ ಇಂಗ್ಲಿಷ್ ಅಕ್ಷರ ಎಣಿಸಿದರು. ಒಂಬತ್ತು. ನವರತ್ನದಂಥ ಬುದ್ಧಿ ಅಂತ ಇದರರ್ಥ ಅಂದ ಹಿರಿಯ. ನವಗ್ರಹಗಳನ್ನೂ ಆಳೋನು ಅಂತ ಅಂದ ನಡುವಿನವನು. ನವರಸ ಬಲ್ಲ ರಸಿಕ ಅಂತ ಅಂದ ಕಿರಿಯ. ಆಡೋರಿಗೆ ನಾಚಿಕೆ ಇಲ್ಲ, ಕೇಳೋನಿಗೆ ಕಿವಿ ತುಂಬಲಿಲ್ಲ.

ರಾಜ ಉಬ್ಬಿಹೋದ. ಇದೇ ನನ್ನ ಬಿರುದು, ಬಾಗಿಲ ಮೇಲೆ ಕೆತ್ತಿಸಿ ಅಂದ. ಬಿರುದಿಗೆ ಒಂಬತ್ತಕ್ಷರ, ಇನ್ನುಮೇಲೆ ಪೇಟಕ್ಕೆ ಒಂಬತ್ತು ಕೊಡ ಅಂದ. ದುಭಾಷಿ ಎದ್ದು ಹೌದು ಅಂದುಬಿಟ್ಟರೆ ಡಂಗುರ ಹೊಡೆಸೋದೊಂದು ಬಾಕಿ.

ವಾಮನಯ್ಯ ಎದ್ದು ನಿಂತ. ನಿಜ ಹೇಳಿದರೆ ತಲೆ ಹೋಗುತ್ತೆ. ಹೌದು ಅಂದರೆ ಮಗಳು ಒಂಬತ್ತು ಸಲ ಗುಡ್ಡ ಹತ್ತಬೇಕು. ಕೇಳಿ, ಆ ಸಭೇಲಿ ಅರ್ಥ ಬಲ್ಲವನು ಅವನೊಬ್ಬನೇ.

"ಇದರರ್ಥ ಏನು?" ಅಂದ ರಾಜ.

"ಗೊತ್ತಿಲ್ಲ ಮಹಾಸ್ವಾಮಿ."

ರಾಜ ಎರಡನೇ ಸಲ ಕೇಳಿದ. ಗೊತ್ತಿಲ್ಲ. ಮೂರನೇ ಸಲ ಕೇಳಿದ. ಗೊತ್ತಿಲ್ಲ. ವಾಮನಯ್ಯ ತಾನೇ ಪೇಟ ಬಿಚ್ಚಿ ಇಟ್ಟು, ಬರಿತಲೇಲಿ ಬೀದಿ ದಾಟಿ ಮನೆಗೆ ಬಂದ.

"ಅಪ್ಪಯ್ಯ, ಪೇಟ ಎಲ್ಲಿ?" ಅಂದಳು ಮಗಳು.

"ಭಾರ ಆಗಿತ್ತಮ್ಮ, ಇಳಿಸಿಬಂದೆ. ನೀನು ಮಲಕ್ಕೋ."

ಮಾರನೇ ದಿನ ಕೊಡ ಎಣಿಸೋ ಅರಮನೆ ಜವಾನ ಬಂದು ಇಣುಕಿದ. ಪೇಟ ಇಲ್ಲ, ಅಂದಮೇಲೆ ಕೊಡವೂ ಇಲ್ಲ. ಹಾಗೇ ಮುಂದಿನ ಮನೆಗೆ ಹೋದ. ಹೊಳೆ ದಾರೀಲಿದ್ದ ಹೆಂಗಸರು ಇದನ್ನ ನೋಡಿದರು. ನೋಡಿದೋರು ಸುಮ್ಮನಿರ್ತಾರಾ? ಆವತ್ತು ಯಾವ ಮನೇಲೂ ಒಲೆ ಹೊತ್ತಲಿಲ್ಲ. ಮೊದಲು ಪೇಟ ಇಳಿಸಿ ಬನ್ನಿ, ಆಮೇಲೆ ಊಟ ಅಂದುಬಿಟ್ಟರು.

ಅರಮನೆ ಮುಂದೆ ಗಂಡಸರ ಸಾಲು. ಬುದ್ಧಿ, ನಮ್ಮನ್ನೂ ಏನಾದರೂ ಕೇಳಿ ಅಂತ ದುಂಬಾಲು. ನಿನ್ನ ಹೆಸರೇನೋ? ಗೊತ್ತಿಲ್ಲ ಬುದ್ಧಿ. ನಿಮ್ಮಪ್ಪ ಯಾರೋ? ಗೊತ್ತಿಲ್ಲ ಬುದ್ಧಿ. ಕೊನೆಗೆ ಹೆಂಡತಿಯರು ದಬ್ಬಿ ಕಳಿಸಿದ ಮೂವರು ಪಂಡಿತರು. ಹಸಿದ ಹೊಟ್ಟೆಗೆ ಯಾವ ಶಾಸ್ತ್ರ? ಏನೂ ಗೊತ್ತಿಲ್ಲ ಅಂತ ರಾಜ ಕೇಳೋ ಮುಂಚೆಯೇ ಮೂವರೂ ಅಂದರು.

ಸಂಜೆಗೆ ಊರಿನ ಪೇಟವೆಲ್ಲ ಅರಮನೇಲಿ ರಾಶಿ ಬಿತ್ತು. ಬೆಳಗಾಗೋ ಹೊತ್ತಿಗೆ ರಾಣಿ ಒಂದು ಖಾಲಿ ಕೊಡ ತಂದು ರಾಜನ ಮುಂದಿಟ್ಟಳು.

"ಪೇಟ ಇರೋ ಮನೆಯವರು ನೀರು ಹೊರಬೇಕು ಅಂದೋರು ನೀವೇ. ಈಗ ಪೇಟ ಇರೋದು ನಮ್ಮನೇಲಿ ಮಾತ್ರ. ಎಲ್ಲಾ ನಿಮ್ಮವೇ. ಏಳಿ," ಅಂದಳು.

ಮಾಡಿದ್ದುಣ್ಣೋ ಮಹರಾಯ! ಮೊದಲನೇ ಸಲ ಹತ್ತಿದ, ಅರ್ಧ ನೀರು ಚೆಲ್ಲಿತು. ಎರಡನೇ ಸಲ ಹತ್ತಿದ, ಕೊಡ ತಲೆಯಿಂದ ಹೆಗಲಿಗೆ ಇಳಿಸಿಕೊಂಡ. ಮೂರನೇ ಸಲ ಅರ್ಧ ಗುಡ್ಡದಲ್ಲೇ ಕುಕ್ಕರಿಸಿದ. ಕೆಳಗೆ ಅರಮನೆ ಕಾಣ್ತಿತ್ತು. ಬಾಗಿಲ ಮೇಲೆ ಕಲ್ಲುಕುಟಿಗ ಒಂಬತ್ತಕ್ಷರ ಕೆತ್ತಿ, ಏಣಿ ಇಳೀತಿದ್ದ.

ರಾಜ ವಾಮನಯ್ಯನನ್ನ ಅಲ್ಲಿಗೇ ಕರೆಸಿದ. ಏದುಸಿರು ಬಿಡ್ತಾ ಹೇಳಿದ: "ಆ ಪದದ ಅರ್ಥ ನೀನಿನ್ನು ಹೇಳಬೇಡಪ್ಪ. ನನಗೇ ಗೊತ್ತಾಯ್ತು."

ಅವರ ಕಥೆ ಗುಡ್ಡದ ಮೇಲೆ ಮುಗೀತು, ನಾವು ಜಗಲಿ ಇಳಿಯೋಣ. ಎಲೆ ಅಡಿಕೆ ಇದ್ದೋರು ಇತ್ತ ಚಾಚಿ.