ಬರೀ ಎಳೆದು ಹಿಡಿದ ಬೆಲ್ಟು

ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು ಇದು. ಕೆಲಸ ಮುಗಿಸಿ ಹಾಳುಬಾವಿಯ ದಾರಿಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಕತ್ತಲು... ನಾಯಿಯೂ ಬೊಗಳುತ್ತಿಲ್ಲ.

ಸೀಟ್ ಬೆಲ್ಟ್ ಹಾಕಿದವರೆಷ್ಟು, ಹಾಕದವರೆಷ್ಟು ಎಂದು ರಸ್ತೆಯಲ್ಲಿ ನಿಂತು ಎಣಿಸುವುದು ಅವಳ ಕೆಲಸ. ‘ಬೆಲ್ಟ್ ಹಾಕಿ’ ಎನ್ನುವ ಜಾಹೀರಾತಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಹಾಕುವವರು ಹೆಚ್ಚಿದರೆ ಜಾಹೀರಾತು ಗೆದ್ದಂತೆ. ಮೊದಲ ಸಲ ಸಾಹೇಬ ಅವಳನ್ನು ಪೊಲೀಸರಿಲ್ಲದ ಕಡೆ ನಿಲ್ಲಿಸಿದ್ದ. ಎರಡನೇ ಸಲ ಪೊಲೀಸಿನವನ ಮಗ್ಗುಲಲ್ಲಿ! ಪೊಲೀಸಿನವನನ್ನು ಕಂಡರೆ ಯಾರು ತಾನೇ ಬೆಲ್ಟ್ ಎಳೆಯುವುದಿಲ್ಲ? ಥೂ, ಆ ಸಾಹೇಬನ ಲೆಕ್ಕಕ್ಕಿಷ್ಟು!

ಬಾವಿಯ ಹತ್ತಿರ ಸದ್ದು. ಸರ್ರ್... ಪಟ್ಟಿ ಎಳೆದ ಸದ್ದು. ಆಮೇಲೆ ಕೊಂಡಿ ಬಿದ್ದು ಬರಬೇಕಾದ ‘ಟಕ್’ ಬರಲಿಲ್ಲ. ಮತ್ತೆ, ಸರ್ರ್...

ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ತುದಿ ಮುಷ್ಟಿಯಲ್ಲಿ.

“ಅಕ್ಕಾ... ನನ್ನನ್ನ ಹಾಕ್ಕೊಂಡವರಲ್ಲಿ ಸೇರಿಸಿದ್ರಲ್ಲ?”

“ಯಾ... ಯಾರಪ್ಪಾ ನೀನು?”

“ಹಾಲಿನ ವ್ಯಾನಿನವನು. ಪೊಲೀಸನ್ನ ನೋಡಿ ಸುಮ್ನೆ ಎಳೆದು ಹಿಡ್ಕೊಂಡೆ. ತಿರುವಲ್ಲಿ ಬಿಟ್ಟೆ.”

“ಆಮೇಲೆ?”

“ಆಮೇಲೇನು... ಗಾಜು.”

ಅವಳು ಹಿಂದೆ ಹಿಂದೆ ಸರಿದಳು.

“ನಿಮ್ಮ ತಮ್ಮನೂ ಹಂಗೇ ಹಿಡ್ಕೊಂಡು ಹೋಗ್ತಾನೆ, ಅಕ್ಕಾ. ಲೆಕ್ಕ ತಿದ್ದಿ...”

ಅವಳ ತಮ್ಮ ಅದೇ ರಸ್ತೆಯಲ್ಲಿ ಬ್ರೆಡ್ ವ್ಯಾನ್ ಓಡಿಸುತ್ತಿದ್ದ. ಮನೆಗೆ ಓಡಿಬಂದು ಅವನ ಕೈ ಹಿಡಿದುಕೊಂಡಳು. “ಕೊಂಡಿ ಹಾಕ್ಕೊಳ್ಳೋ, ನಿನ್ನ ದಮ್ಮಯ್ಯ!” ಅವನು ನಕ್ಕ. “ಹೋಗೇ ಅಕ್ಕಾ, ಅದನ್ನ ಹಾಕಿದ್ರೆ ಉಸಿರು ಕಟ್ಟುತ್ತೆ.”

ಬೆಳಿಗ್ಗೆ ಸಾಹೇಬನ ಮುಂದೆ ನಿಂತಳು. “ಸಾರ್, ಅವರು ಬರೀ ಎಳೆದು ಹಿಡೀತಾರೆ. ತಿರುವಿನಾಚೆ ನಿಂತು ಇನ್ನೊಂದ್ಸಲ ಎಣಿಸೋಣ.”

“ನಿನ್ನ ತಲೆ ನೆಟ್ಟಗಿದೆಯಾ? ಜಾಹೀರಾತು ಗೆದ್ದಿದೆ. ಎಲ್ಲರೂ ಹಾಕ್ತಿದ್ದಾರೆ, ಇನ್ನು ಅಲ್ಲಿ ಪೊಲೀಸಿನವರೂ ಬೇಡ ಅಂತ ಮೇಲಿಂದ ಹೇಳಿಯಾಯ್ತು.”

ಪೊಲೀಸಿನವನು ಹೋದ. ಅವಳ ತಮ್ಮ ಬೆಲ್ಟ್ ಎಳೆದು ಹಿಡಿಯುವುದನ್ನೂ ಬಿಟ್ಟ. ಅದೇ ವಾರ, ಅದೇ ತಿರುವು... ರಸ್ತೆಯ ತುಂಬಾ ಬ್ರೆಡ್ಡು.

ಶವದ ಬಟ್ಟೆ ಬಿಚ್ಚಿದಾಗ ನಾನೂ ಅಲ್ಲೇ ಇದ್ದೆ. ಭುಜದಿಂದ ಸೊಂಟದವರೆಗೆ, ಎದೆಗೆ ಅಡ್ಡಲಾಗಿ, ಕಂದಿದ ಗುರುತು. “ಬೆಲ್ಟ್ ಹಾಕಿದ್ದಾನೆ, ಪಾಪ” ಎಂದರು ಡಾಕ್ಟರು. ಸಾಹೇಬನ ಲೆಕ್ಕದಲ್ಲಿ ಅವನೂ ಹಾಕಿದವನೇ ಆದ.

ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ... ಆ ಗುರುತು ಒಂದು ತೋಳಿನಷ್ಟು ಅಗಲವಿತ್ತು. ಸೊಂಟದ ಹತ್ತಿರ, ಬಿಗಿಯಾಗಿ ಒತ್ತಿ ಹಿಡಿದ ಐದು ಬೆರಳಿನ ಅಚ್ಚು.