ಮಾತು ಹೇಳಿಕೊಡುತ್ತಿದ್ದ ಅಜ್ಜ

ದೀಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ, ನನ್ನ ದೊಡ್ಡಮ್ಮನ ಮಗಳು, ನಮ್ಮ ಅಕ್ಕನಿಗೆ ಆದದ್ದು. ಹೊಲಿಗೆ ಅವಳ ಕಸುಬು. ಎದುರಿಗೆ ಯಮ ಬಂದು ನಿಂತರೂ ಟೇಪು ಹಿಡಿದು ಅಳತೆ ತೆಗೆಯೋಳು, ಅಷ್ಟು ಗಟ್ಟಿಗಿತ್ತಿ. ಅಂಥವಳು ಈಗ ಕತ್ತಲಾದ ಮೇಲೆ ಒಬ್ಬಳೇ ಹಿತ್ತಲಿಗೂ ಹೋಗೋದಿಲ್ಲ.

ಆ ರಾತ್ರಿ ಹನ್ನೊಂದು ದಾಟಿತ್ತು. ರಂಗಮಂದಿರದ ಪರದೆಗೆ ಕೊನೇ ಹೊಲಿಗೆ ಹಾಕಿ, ಹಿಂದಿನ ಬಾಗಿಲಿಗೆ ಬೀಗ ಜಡಿದು ಮನೆ ಕಡೆ ಹೊರಟಳು. ಹತ್ತಿರದ ದಾರಿ ಅಂದರೆ ಮುಚ್ಚಿದ ಬಾವಿಯ ಮೇಲೇ ದಾಟಬೇಕು.

ಆ ರಂಗಮಂದಿರಕ್ಕೆ ಊರಿನವರು ಏಳು ವರ್ಷ ಒದ್ದಾಡಿದ್ದರು. ಅಲ್ಲಿಯವರೆಗೆ ನಾಟಕ, ಹಾಡು, ಕುಣಿತ ಎಲ್ಲ ಶಾಲೆಯ ಜಗುಲಿಯಲ್ಲೇ. ಮಳೆ ಬಂದರೆ ರಾಜನೂ ಕಳ್ಳನೂ ಒಂದೇ ಛತ್ರಿಯ ಕೆಳಗೆ. ಕೊನೆಗೆ ಒಂದು ಪಾಳುಬಿದ್ದ ಹತ್ತಿ ಗೋದಾಮು ಸಿಕ್ಕಿತು. ಬಡಗಿ ಬಾಗಿಲು ಮಾಡಿಕೊಟ್ಟ. ಕ್ಷೌರಿಕ ತನ್ನ ಅಂಗಡಿಯ ಎರಡು ಕನ್ನಡಿ ತಂದು ಬಣ್ಣದ ಕೋಣೆಗೆ ಹಾಕಿದ. ಅಕ್ಕ ಪರದೆ ಹೊಲಿಯೋ ಕೆಲಸ ಒಪ್ಪಿಕೊಂಡಳು. ಅವಳ ಗಂಡ ಗಾರೆ ಮೇಸ್ತ್ರಿ, ಗೋಡೆ ನೆಲ ಎಲ್ಲ ಅವನದೇ ಕೈಕೆಲಸ.

ಗೋದಾಮು ಕಾಯುತ್ತಿದ್ದವನು ಪಿಸುಮಾತಿನಜ್ಜ. ಹಿಂದುಮುಂದಿಲ್ಲದ ಒಂಟಿ ಜೀವ. ನಲವತ್ತು ವರ್ಷ ಪರದೆಯ ಮರೆಯಲ್ಲಿ ಕೂತು, ಮಾತು ಮರೆತ ನಟರಿಗೆ ಮುಂದಿನ ಮಾತು ಹೇಳಿಕೊಟ್ಟವನು. ಮೊದಲ ಸಾಲಿನಲ್ಲಿ ಕೂತವರಿಗೂ ಕೇಳಿಸದು, ಯಾರಿಗೆ ಬೇಕೋ ಅವರ ಕಿವಿಗಷ್ಟೇ ಮುಟ್ಟೋ ದನಿ. ನಮಗೂ ಒಂದು ರಂಗಮಂದಿರ ಬೇಕು ಅಂತ ಮೊಟ್ಟಮೊದಲು ಮನೆಮನೆ ಬಾಗಿಲು ತಟ್ಟಿದವನೂ ಅವನೇ. ನಾಟಕಕ್ಕೆ ಬರೋ ಮಕ್ಕಳು ಬಿದ್ದಾರು ಅಂತ ಗೋದಾಮಿನ ಹಿಂದಿನ ಬಾವಿ ಮುಚ್ಚಿದ ದಿನದಿಂದ ಅವನು ಕಾಣಲಿಲ್ಲ. ಯಾವುದೋ ನಾಟಕದವರ ಬೆನ್ನುಹತ್ತಿ ಹೋಗಿರಬೇಕು, ಹೊಟ್ಟೆ ಚುರುಗುಟ್ಟಿದರೆ ತಾನೇ ಬರ್ತಾನೆ ಅಂದರು ಎಲ್ಲರೂ. ಉದ್ಘಾಟನೆ ಹತ್ತಿರ ಬಂದಿತ್ತು, ಹುಡುಕೋಕೆ ಯಾರಿಗೂ ಪುರಸೊತ್ತಿರಲಿಲ್ಲ.

ಅಕ್ಕ ನಡೆದಳು. ಚಪ್ಪಲಿ ಸದ್ದು... ಚಟ್, ಚಟ್. ಬಾವಿಯ ಮೇಲಿನ ಕಾಂಕ್ರೀಟಿಗೆ ಕಾಲಿಟ್ಟಳು. ಆಗ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಆಮೇಲೆ ಸರ್‍ರ್... ಪುಟ ಮಗುಚಿದ ಸದ್ದು. ಆಮೇಲೆ ಪಿಸುಮಾತು, ಅವಳ ಪಾದದ ಪಕ್ಕದಲ್ಲೇ.

"ಕಪ್ಪೆ ಅಂದುಕೊಂಡೆ..."

ಅಕ್ಕ ಅಲ್ಲೇ ನಿಂತಳು. "ಅಜ್ಜಾ?" ಅಂದಳು, ಮೆಲ್ಲಗೆ.

ಎಲೆ ಅಲ್ಲಾಡೋ ಗಾಳಿಯೂ ಇಲ್ಲ. ಮತ್ತೆ ಅದೇ ಮಾತು, ಈ ಸಲ ನಿಧಾನವಾಗಿ, ಬಿಡಿಸಿ ಬಿಡಿಸಿ... ಮೊದಲ ಸಲ ಸರಿಯಾಗಿ ಕೇಳಿಸಿಕೊಳ್ಳದ ನಟನಿಗೆ ಹೇಳಿಕೊಡೋ ಹಾಗೆ.

"ಕಪ್ಪೆ... ಅಂದುಕೊಂಡೆ."

ಅವಳು ಓಡಲಿಲ್ಲ. ಓಡಿದರೆ ಹಿಂದೆಯೇ ಬಂದೀತು ಅನ್ನೋ ಭಯ. ಒಂದೊಂದೇ ಹೆಜ್ಜೆ ಎಣಿಸಿಕೊಂಡು ಮನೆ ಮುಟ್ಟಿದಳು.

ಗಂಡ ಕತ್ತಲಲ್ಲಿ ಹೊಸ್ತಿಲ ಮೇಲೆ ಕೂತಿದ್ದ. ಹದಿನೈದು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕೆಲಸದ ದಣಿವು ಅಂತ ಅಕ್ಕ ಅಂದುಕೊಂಡಿದ್ದಳು. ಅವಳು ಬಾಯಿ ತೆರೆಯೋ ಮುಂಚೆಯೇ ಅವನು ತಲೆ ಎತ್ತದೆ ಶುರುಮಾಡಿದ.

"ಬಾವಿ ಮುಚ್ಚಿದ ದಿನ ಬೆಳಗ್ಗೆ... ಅಂಚಿನಲ್ಲಿ ಒಂದು ಚಪ್ಪಲಿ ಬಿದ್ದಿತ್ತು."

"ಯಾರದ್ರೀ?"

ಅವನು ಉಗುರಿನಿಂದ ಹೊಸ್ತಿಲು ಕೆರೆಯುತ್ತಾ ಹೇಳುತ್ತಾ ಹೋದ. ಹಿಂದಿನ ಸಂಜೆಯೇ ಬಾವಿಕಟ್ಟೆ ಒಡೆದು ಹಾಕಿದ್ದರಂತೆ. ಅಜ್ಜನಿಗೆ ಹೇಳೋದು ಯಾರಿಗೂ ನೆನಪಾಗಲಿಲ್ಲ. ರಾತ್ರಿ ಮಲಗೋ ಮುಂಚೆ ಕೈಕಾಲು ತೊಳೆಯೋಕೆ, ದೀಪ ಇಲ್ಲದೆ ಹೋಗಿ ನೀರು ಸೇದೋದು ಅವನ ರೂಢಿ. ಬೆಳಗ್ಗೆ ಕಲ್ಲು ತುಂಬಿದ ಮೂರು ಟ್ರ್ಯಾಕ್ಟರು ಸಾಲಾಗಿ ನಿಂತು ಹಾರನ್ ಬಾರಿಸುತ್ತಿದ್ದವು. ಸಮಿತಿಯ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು.

"ಬಗ್ಗಿ ಕೂಗಿದೆ ಕಣೇ. ಒಂದೇ ಸಲ. ಕೆಳಗಿಂದ ಏನೋ ಸಣ್ಣ ಸದ್ದು ಬಂತು. ನಾನು..."

ತುಟಿ ಅಲ್ಲಾಡುತ್ತಿತ್ತು, ಮಾತು ಹೊರಡಲಿಲ್ಲ. ನಾನು... ನಾನು... ಅಲ್ಲಿಗೇ ನಿಂತುಬಿಟ್ಟ.

ಅಕ್ಕನ ಬಾಯಿಂದ ತಾನಾಗಿ ಬಂತು. "ಕಪ್ಪೆ ಅಂದುಕೊಂಡೆ."

ಅವನು ತಲೆ ಎತ್ತಿದ. ಅವನ ಹಲ್ಲು ಕಟಕಟ ಅನ್ನುತ್ತಿದ್ದದ್ದು ಅವಳಿಗೆ ಕೇಳಿಸಿತು.

"ನಿನಗೆ ಯಾರು ಹೇಳಿದರು?"

ಬೆಳಕು ಹರಿಯೋದರೊಳಗೆ ಇಬ್ಬರೂ ಅಧ್ಯಕ್ಷರ ಮನೆ ಬಾಗಿಲಲ್ಲಿದ್ದರು. ಅವರು ಕೆಟ್ಟವರಲ್ಲ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಏಳು ವರ್ಷ ಅದೊಂದೇ ಕನಸು ಕಂಡವರು. ಕೇಳಿ ಕುಸಿದು ಕೂತರು. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಇನ್ನು ಒಂಬತ್ತೇ ದಿನ ಇದೆ, ಆಹ್ವಾನ ಎಲ್ಲ ಕಡೆ ಹೋಗಿದೆ, ಉದ್ಘಾಟನೆ ಮುಗಿಸಿ ತೆಗೆಸೋಣ, ಸತ್ತವನಿಗೆ ಇನ್ನೇನು ಆತುರ ಅಂದರು.

"ಸತ್ತವನು ಸುಮ್ಮನಿಲ್ಲ, ಸಾರ್," ಅಂದಳು ಅಕ್ಕ.

ಅಷ್ಟರಲ್ಲಿ ಗಂಡ ಅಲ್ಲಿರಲಿಲ್ಲ. ಗೋದಾಮಿನ ಕಡೆಯಿಂದ ಸುತ್ತಿಗೆ ಸದ್ದು ಕೇಳಿಸಿತು. ಧಣ್... ಧಣ್... ತಾನು ಹಾಕಿದ ಕಾಂಕ್ರೀಟನ್ನು ತಾನೇ ಒಡೆಯುತ್ತಿದ್ದ. ಊರು ನೆರೆಯಿತು. ಮೊದಲು ಯಾರೂ ಕೈಹಾಕಲಿಲ್ಲ. ಆಮೇಲೆ ಬಡಗಿ ಇಳಿದ, ಕ್ಷೌರಿಕ ಇಳಿದ, ಕೊನೆಗೆ ಅಧ್ಯಕ್ಷರೂ ಪಂಚೆ ಎತ್ತಿ ಕಟ್ಟಿ ಕಲ್ಲು ಹೊತ್ತರು. ಮಾರನೇ ದಿನ ಸಂಜೆ ಅಜ್ಜ ಸಿಕ್ಕಿದ.

ಸೊಂಟ ಮುರಿದಿತ್ತು. ಬಿದ್ದಾಗಲೇ ಸತ್ತನೋ, ಕಲ್ಲು ಸುರಿದಾಗ ಸತ್ತನೋ... ವೈದ್ಯರು ಬರೆದುಕೊಟ್ಟಿದ್ದಾರೆ. ಆ ಕಾಗದ ಅಕ್ಕ ಇವತ್ತಿಗೂ ಯಾರ ಕೈಲೂ ಓದಿಸಿಲ್ಲ. ಗಂಡ ತಾನೇ ಠಾಣೆಗೆ ನಡೆದ. ಎರಡು ವರ್ಷ ಜೈಲಿನಲ್ಲಿದ್ದು ಬಂದ, ಮತ್ತೆ ಗಾರೆ ಕರಣೆ ಮುಟ್ಟಲಿಲ್ಲ. ಮನೆಯ ಸಂಸಾರ ಈಗ ಹೊಲಿಗೆ ಯಂತ್ರದ ಮೇಲೇ ನಡೀತಿದೆ. ಅವಳು ಅವನನ್ನು ಬಿಡಲಿಲ್ಲ. ಆದರೆ ಅವನು ಮಾತಿನ ಮಧ್ಯೆ ತಡವರಿಸಿದರೆ ಎದ್ದು ಒಳಗೆ ಹೋಗ್ತಾಳೆ.

ರಂಗಮಂದಿರ ಮುಂದಿನ ವರ್ಷ ತೆರೆಯಿತು, ಈಗಲೂ ತುಂಬಿ ನಡೆಯುತ್ತೆ. ಅಲ್ಲಿ ಆಡೋರು ಒಂದು ಸಾಲೂ ಬಿಡದ ಹಾಗೆ ಬಾಯಿಪಾಠ ಮಾಡಿಕೊಂಡೇ ಬರ್ತಾರೆ. ಮರೆಯೋ ಧೈರ್ಯ ಯಾರಿಗೂ ಇಲ್ಲ.

ನಗಬೇಡಿ. ಅಜ್ಜನ ಮೈ ತೊಳೆದವನು ನನ್ನ ಸ್ವಂತ ಸೋದರಮಾವ. ತಮಾಷೆಗೂ ಸುಳ್ಳು ಹೇಳಿದ ಮನುಷ್ಯನಲ್ಲ. ಹದಿನೇಳು ದಿನ ಕಲ್ಲು ಮಣ್ಣಿನಡಿ ಇದ್ದ ಮೈ... ಕಣ್ಣಲ್ಲಿ ಮಣ್ಣು, ಕಿವಿಯಲ್ಲಿ ಮಣ್ಣು, ಮೂಗಿನ ಹೊಳ್ಳೆಯಲ್ಲಿ, ಉಗುರಿನ ಸಂದಿಯಲ್ಲಿ ಎಲ್ಲ ಮಣ್ಣು. ಬಾಯಿ ಅಗಲವಾಗಿ ತೆರೆದೇ ಇತ್ತಂತೆ.

ಬಾಯೊಳಗೆ ಒಂದು ಕಣ ಮಣ್ಣಿರಲಿಲ್ಲ.